ಎರಡು ಚೀಲದ ದೂರ

ನನ್ನ ಅತ್ತೆ ದೂರವನ್ನು ಚೀಲದಲ್ಲಿ ಅಳೆಯುತ್ತಾರೆ. ಕಿಲೋಮೀಟರ್ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಹದವಾಗಿ ನೀರು ಹಾಕಿ, ಮೇಲೆ ಆಕ್ಸಿಜನ್ ತುಂಬಿ, ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿ ಮೀನು ಒಂದು ಹಗಲು ಒಂದು ರಾತ್ರಿ ನೆಮ್ಮದಿಯಾಗಿ ಇರುತ್ತದೆ. ಅದು ಅವರ ಲೆಕ್ಕದಲ್ಲಿ ಒಂದು ಚೀಲ. ನನ್ನ ನಾದಿನಿಯನ್ನು ಕೊಟ್ಟ ಊರು ಕಾಲು ಚೀಲ. ಸಮುದ್ರದಾಚೆಯ ದೊಡ್ಡ ಪಟ್ಟಣಗಳೆಲ್ಲ ಮುಕ್ಕಾಲು ಚೀಲದಿಂದ ಒಂದೂಕಾಲು ಚೀಲ. ನನ್ನನ್ನು ಸೋಪು ತರಲು ಅಂಗಡಿಗೆ ಕಳಿಸಿದರೆ ಅದೂ ಒಂದು ಚೀಲವೇ ಎಂದು ಅವರು ಎಲ್ಲರೆದುರಿಗೂ ಹೇಳುತ್ತಾರೆ. ಅದು ಅನ್ಯಾಯ, ಆದರೆ ಅಳಿಯನ ಮಾತು ಯಾರು ಕೇಳುತ್ತಾರೆ.

ಬಣ್ಣದ ಮೀನು ಸಾಕಿ ಹೊರದೇಶಗಳಿಗೆ ಕಳಿಸುವ ಒಂದು ಫಾರ್ಮಿನಲ್ಲಿ ಅವರು ಮೂವತ್ತೊಂದು ವರ್ಷದಿಂದ ಪ್ಯಾಕಿಂಗ್ ಕೆಲಸದವರು. ತಗಡಿನ ಸೂರಿನ ಉದ್ದನೆಯ ಶೆಡ್ಡು, ಎರಡು ಸಾಲು ಸಿಮೆಂಟ್ ತೊಟ್ಟಿ, ಮೂಲೆಯಲ್ಲಿ ಆಳೆತ್ತರದ ಆಕ್ಸಿಜನ್ ಸಿಲಿಂಡರ್, ನೆಲ ಯಾವಾಗಲೂ ಒದ್ದೆ. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಬೆರಳುಗಳು ಮಾತ್ರ ಎಂ.ಎ. ಮಾಡಿವೆ. ನಿಮಿಷಕ್ಕೆ ನಾಲ್ಕು ಚೀಲ ಕಟ್ಟುತ್ತಾರೆ, ಒಂದೂ ಸೋರುವುದಿಲ್ಲ. ಮೀನಿನ ಕಿವಿರು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ಎಣಿಸಿ ಅದರ ಆರೋಗ್ಯ ಹೇಳುತ್ತಾರೆ. ಅದಕ್ಕೇ ಫಾರ್ಮಿನಲ್ಲಿ ಎಲ್ಲರಿಗೂ ಅವರು ಉಸಿರಕ್ಕ.

ನಾನು ಅಲ್ಲೇ ಬುಕಿಂಗ್ ಗುಮಾಸ್ತ. ವಿಮಾನದಲ್ಲಿ ಸರಕಿಗೆ ಜಾಗ ಹಿಡಿಯುವುದು, ಕಾಗದಪತ್ರ ಮಾಡುವುದು ನನ್ನ ಪಾಲು. ನನಗೆ ಕೆಲಸ ಮೊದಲು ಸಿಕ್ಕಿತು, ಹೆಂಡತಿ ಆಮೇಲೆ. ಮಗಳನ್ನು ಕೊಡಿ ಎಂದು ಧೈರ್ಯ ಮಾಡಿ ಕೇಳಲು ಹೋದ ದಿನ ಉಸಿರಕ್ಕ ನನ್ನ ಕೈಗೊಂದು ಚೀಲ ಕೊಟ್ಟು, ಕಟ್ಟಿ ನೋಡೋಣ ಅಂದರು. ಕಟ್ಟಿದೆ. ಅವರು ಅದನ್ನು ತಲೆಕೆಳಗು ಮಾಡಿದರು. ಪಟ ಪಟ ಅಂತ ನೀರು ನನ್ನ ಚಪ್ಪಲಿಯ ಮೇಲೆ ಬಿತ್ತು. "ಗಂಟು ಸಡಿಲ, ಮನುಷ್ಯ ಪರವಾಗಿಲ್ಲ" ಎಂದು ಮಗಳನ್ನು ಕೊಟ್ಟರು. ಅಂದಿನಿಂದ ನಾನು ಅವರ ಮುಂದೆ ಚೀಲ ಮುಟ್ಟಿರಲಿಲ್ಲ.

ಅವರ ಇನ್ನೊಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು, ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಎಷ್ಟೇ ಮೀನು ಎಲ್ಲಿಗೇ ಹೋಗಲಿ, ಅತ್ತೆ ಒಂದು ಚೀಲ ಹೆಚ್ಚಿಗೆ ಕಟ್ಟುತ್ತಾರೆ. ಅದೇ ನೀರು, ಅದೇ ಗಾಳಿ, ಅಷ್ಟೇ ಮೀನು. ಬೇರೆ ಚೀಲಗಳೆಲ್ಲ ಥರ್ಮೋಕೋಲ್ ಡಬ್ಬಕ್ಕೆ ಹೋಗಿ ವಿಮಾನ ಹತ್ತುತ್ತವೆ, ಇದು ಪ್ಯಾಕಿಂಗ್ ಕೋಣೆಯ ಗೋಡೆಯ ಕೊಕ್ಕೆಗೆ ನೇತುಬೀಳುತ್ತದೆ. ಅಲ್ಲಿ ಡಬ್ಬ ಬಿಚ್ಚಿದೆವು ಎಂದು ಫೋನ್ ಬರುವವರೆಗೆ ಇಲ್ಲಿ ಇದನ್ನು ಬಿಚ್ಚುವ ಹಾಗಿಲ್ಲ. ಇದಕ್ಕೆ ಸಾಕ್ಷಿ ಚೀಲ ಅಂತ ಹೆಸರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಟ್ಟಿದ ಮೊದಲ ದೊಡ್ಡ ಸರಕು ಅಲ್ಲಿಗೆ ತಲುಪುವಷ್ಟರಲ್ಲಿ ಪೂರ್ತಿ ಸತ್ತಿತ್ತಂತೆ. ನಾನೂರು ಮೀನು. ತಪ್ಪು ಎಲ್ಲಿ ಆಯಿತೆಂದು ಒಬ್ಬರಿಗೂ ಗೊತ್ತಾಗಲಿಲ್ಲ, ಬಂದದ್ದು ಒಂದು ಫೋಟೋ ಮಾತ್ರ. "ಹೋದವು ಏನು ಪಾಡು ಪಟ್ಟವು ಅಂತ ನಮಗೂ ತಿಳೀಬೇಕಲ್ಲ" ಎಂದು ಅತ್ತೆ ಮರುವಾರದಿಂದಲೇ ಕೊಕ್ಕೆ ಹೊಡೆಸಿದರು.

ಇನ್ನು ಬಾಡಿಗೆದಾರರ ವಿಷಯ. ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಮೀನಿನ ಪಂಡಿತರು ಫಾರ್ಮಿಗೆ ಬಂದು ಕೆಲವು ತಿಂಗಳು ಇದ್ದರಂತೆ. ಹೋಗುವಾಗ ಹನ್ನೊಂದು ಪುಟ್ಟ ಮೀನು ಅತ್ತೆಯ ಕೈಗೆ ಕೊಟ್ಟರು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಬೂದು ಬಣ್ಣ, ಗಂಡಿನ ಬಾಲಕ್ಕೆ ಮಾತ್ರ ಒಂದು ಹಳದಿ ಅಂಚು. ಭೂಮಿಯ ಆ ಬದಿಯ ಒಂದೇ ಒಂದು ಕೆರೆಯ ಮೀನು ಅದು. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಕೆರೆಗೆ ಕಾರ್ಖಾನೆಯ ನೀರು ಬರುತ್ತಿದೆ, ಸ್ವಲ್ಪ ದಿನ ಇಟ್ಟುಕೊಂಡಿರಿ ಎಂದು ಹೇಳಿ ಹೋದವರು ಮತ್ತೆ ಬರಲಿಲ್ಲ. ತೀರಿಕೊಂಡರು ಎಂದು ಆಮೇಲೆ ತಿಳಿಯಿತು.

ಆ ಮೀನನ್ನು ಯಾರೂ ಕೊಳ್ಳುವುದಿಲ್ಲ. ನೋಡಲು ಲಕ್ಷಣವೂ ಅಷ್ಟರಲ್ಲೇ ಇದೆ. ಯಜಮಾನರು ವರ್ಷಕ್ಕೊಮ್ಮೆ ಬಂದು, "ಏನಕ್ಕ, ನಿನ್ನ ಬಾಡಿಗೆ ಕೊಡದ ಬಾಡಿಗೆದಾರರು ಇನ್ನೂ ಖಾಲಿ ಮಾಡಿಲ್ವಾ?" ಎಂದು ರೇಗುತ್ತಿದ್ದರು. ಅತ್ತೆ ಮೀನುಗಳನ್ನು ಈ ತೊಟ್ಟಿಯಿಂದ ಆ ತೊಟ್ಟಿಗೆ, ಅಲ್ಲಿಂದ ಹಿಂದಿನ ಒಡಕು ತೊಟ್ಟಿಗೆ, ಅದೂ ಬೇಕೆಂದಾಗ ಕೈತೊಳೆಯುವ ಜಾಗದ ಡ್ರಮ್ಮಿಗೆ ಸಾಗಿಸುತ್ತಾ ಇಪ್ಪತ್ತೆರಡು ವರ್ಷ ಕಾಪಾಡಿದರು. ಹನ್ನೊಂದು ಇದ್ದದ್ದು ಇನ್ನೂರು ಮುನ್ನೂರು ಆಯಿತು. ಯಾಕಾಗಿ ಇಷ್ಟು ಪಾಡು ಎಂದು ನಾನೊಮ್ಮೆ ಕೇಳಿದ್ದೆ. "ಸ್ವಲ್ಪ ದಿನ ಅಂದಿದ್ರು. ಇನ್ನೂ ಆ ದಿನ ಮುಗಿದಿಲ್ಲ" ಅಂದರು.

ಮುಗಿಯಿತು. ಆ ಕೆರೆಯ ದಡದ ಕಾಲೇಜಿನಿಂದ ಒಬ್ಬ ಹೆಂಗಸು ಪತ್ರ ಬರೆದರು. ನಾವು ಅವರನ್ನು ಕೆರೆ ಮೇಡಂ ಅನ್ನುತ್ತೇವೆ. ಆ ಮೀನು ಕೆರೆಯಿಂದ ಮಾಯವಾಗಿ ಹದಿನೆಂಟು ವರ್ಷವಾಗಿತ್ತಂತೆ. ಕಾರ್ಖಾನೆ ಮುಚ್ಚಿ, ಊರವರೆಲ್ಲ ಸೇರಿ ಕೆರೆ ತೊಳೆದು, ನೀರು ತಿಳಿಯಾದ ಮೇಲೆ ನೋಡಿದರೆ ಬಿಡಲು ಮೀನೇ ಇಲ್ಲ. ಆಗ ಪಂಡಿತರ ಹಳೆಯ ನೋಟ್‌ಬುಕ್ಕಿನಲ್ಲಿ ನಮ್ಮ ಫಾರ್ಮಿನ ವಿಳಾಸ ಸಿಕ್ಕಿದೆ. ಮೀನು ಇನ್ನೂ ಇದೆಯೇ ಎಂದು ಹೆದರಿ ಹೆದರಿ ಕೇಳಿದ್ದರು. ನಾನು ಪತ್ರ ಓದಿ ಹೇಳಿದಾಗ ಅತ್ತೆ ಡ್ರಮ್ಮಿನ ಕಡೆ ತಿರುಗಿ, "ಕೇಳಿಸ್ತೇನ್ರೋ, ಮನೆಯಿಂದ ಕರೆ ಬಂದಿದೆ" ಅಂದರು.

ಅಪ್ಪಣೆ ಪತ್ರಗಳಿಗೆ ಮೂರು ವರ್ಷ ಹಿಡಿಯಿತು. ಎರಡೂ ಸರ್ಕಾರದ ಮುದ್ರೆ ಬಿದ್ದಾಗ ಒಂದೇ ಒಂದು ಸಲಕ್ಕೆ ಒಪ್ಪಿಗೆ ಕೊಟ್ಟಿದ್ದರು. ಇನ್ನೂರ ನಲವತ್ತು ಮೀನು, ಒಂದೇ ಸರಕು. ಮರಿ ಹಾಕುವ ವಯಸ್ಸಿನವು ನಮ್ಮಲ್ಲಿ ಅಷ್ಟೇ ಇದ್ದವು, ಜೊತೆಗೆ ಸಾಕ್ಷಿಗೆಂದು ಆರು. ಉಳಿದವು ಮುದಿ. ಅಂದರೆ ಆ ಚೀಲಗಳಲ್ಲಿ ಸತ್ತರೆ ಆ ಜಾತಿ ಅಲ್ಲಿಗೆ ಮುಗಿದಂತೆ.

ಇಲ್ಲಿ ನನ್ನ ಪಾಂಡಿತ್ಯ ಪ್ರವೇಶವಾಗುತ್ತದೆ.

ನಮ್ಮ ವಿಮಾನ ನಿಲ್ದಾಣಕ್ಕೂ ಕೆರೆಯ ಹತ್ತಿರದ ವಿಮಾನ ನಿಲ್ದಾಣಕ್ಕೂ ಎಷ್ಟು ದೂರ ಎಂದು ಕಂಪ್ಯೂಟರಿನಲ್ಲಿ ಹುಡುಕಿದೆ. ಊರಿನ ಹೆಸರು ಹಾಕಿದರೆ ಸಾಕು, ಲೆಕ್ಕ ಮಾಡಿ ಕೊಡುವ ಒಂದು ಪುಟ ಸಿಕ್ಕಿತು. ದೂರ ಹದಿನೈದು ಸಾವಿರದ ಇನ್ನೂರು ಕಿಲೋಮೀಟರ್. ಹಾರಾಟದ ಸಮಯ ಹದಿನೇಳು ಗಂಟೆ ನಲವತ್ತು ನಿಮಿಷ. ಭೂಪಟದ ಮೇಲೆ ಚೆಂದನೆಯ ಕಮಾನಿನ ಗೆರೆ ಬೇರೆ. ಪ್ರಿಂಟ್ ತೆಗೆದೆ. ಆಮೇಲೆ ವಿಮಾನ ಕಂಪನಿಯ ವೇಳಾಪಟ್ಟಿ ನೋಡಿದೆ. ಮಂಗಳವಾರ ಸಂಜೆ ಎಂಟಕ್ಕೆ ಇಲ್ಲಿಂದ ಹೊರಡುತ್ತದೆ, ದಾರಿಯಲ್ಲಿ ಎರಡು ಕಡೆ ವಿಮಾನ ಬದಲಾವಣೆ, ಬುಧವಾರ ಸಂಜೆ ನಾಲ್ಕಕ್ಕೆ ಅಲ್ಲಿಗೆ ತಲುಪುತ್ತದೆ. ಎಂಟರಿಂದ ನಾಲ್ಕಕ್ಕೆ ಇಪ್ಪತ್ತು ಗಂಟೆ. ಪುಟದ ಹದಿನೇಳೂವರೆ ಚಿಲ್ಲರೆಗೆ ಬದಲಾವಣೆಯ ಎರಡೂವರೆ ಗಂಟೆ ಸೇರಿಸಿದರೂ ಇಪ್ಪತ್ತೇ. ಎರಡು ಕಡೆಯಿಂದ ಬಂದ ಲೆಕ್ಕ ಒಂದೇ ಆದಾಗ ಗುಮಾಸ್ತನಿಗೆ ಆಗುವ ಸಂತೋಷ ಇದೆಯಲ್ಲ, ಅದು ಅನುಭವಿಸಿದವರಿಗೇ ಗೊತ್ತು. ಚೀಲಕ್ಕೆ ಇಪ್ಪತ್ತು ಮೀನಿನಂತೆ ಹನ್ನೆರಡು ಚೀಲ, ಮೂರು ಡಬ್ಬ ಎಂದು ಜಾಗ ಹಿಡಿದುಬಿಟ್ಟೆ. ಯಜಮಾನರು ಬೆನ್ನು ತಟ್ಟಿದರು.

ಅತ್ತೆ ಪ್ರಿಂಟನ್ನು ಒದ್ದೆ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು.

"ಅಳಿಯಂದ್ರೇ, ಈ ಗೆರೆ ಮೇಲೆ ಹೋಗೋ ವಿಮಾನ ಯಾವುದು?"

"ಹಾಗೆ ನೇರ ಹೋಗೋ ವಿಮಾನ ಇಲ್ಲ ಅತ್ತೆ. ಅದು ಲೆಕ್ಕಕ್ಕೆ."

"ಇಲ್ಲದ ವಿಮಾನ ಎಷ್ಟು ಹೊತ್ತಿಗೆ ತಲುಪಿದ್ರೆ ನಮಗೇನು?"

"ಇರೋ ವಿಮಾನದ ಲೆಕ್ಕಾನೂ ಮಾಡಿದೀನಿ. ಅದೂ ಇಪ್ಪತ್ತು ಗಂಟೆ. ಬೇಕಾದ್ರೆ ನೀವೇ ಬೆರಳು ಮಡಚಿ ನೋಡಿ."

ಅವರು ಬೆರಳು ಮಡಚಿದರು. ಇಪ್ಪತ್ತೇ ಬಂತು. ಆದರೂ ಹುಬ್ಬಿನ ಗಂಟು ಬಿಡಲಿಲ್ಲ. "ಒಂದೂಕಾಲು ಚೀಲದ ಊರುಗಳಿಗೇ ಇದಕ್ಕಿಂತ ಹೆಚ್ಚು ಹಿಡಿಯುತ್ತೆ. ಅವೆಲ್ಲ ಇದರ ಅರ್ಧ ದಾರಿಗೆ ಬರೋ ಊರು. ಎಲ್ಲೋ ಏನೋ ಸೋರ್ತಿದೆ" ಅಂದರು. ಎಲ್ಲಿ ಎಂದು ಅವರಿಗೂ ಹೇಳಲಾಗಲಿಲ್ಲ. ಯಜಮಾನರು ಕಂಪ್ಯೂಟರಿಗಿಂತ ನಿಮಗೆ ಹೆಚ್ಚು ಗೊತ್ತಾ ಎಂದು ನಕ್ಕರು. ನಾನೂ ನಕ್ಕೆ. ಆ ನಗು ಈಗ ನೆನೆಸಿಕೊಂಡರೂ ಕೆನ್ನೆ ಬಿಸಿಯಾಗುತ್ತದೆ.

ಎರಡು ದಿನದ ನಂತರ ಸಂಜೆ ಆರಕ್ಕೆ ಕೆರೆ ಮೇಡಂ ವಿಡಿಯೋ ಕರೆ ಮಾಡಿದರು. ಯಾವಾಗಲೂ ನಾನೊಬ್ಬನೇ ಆಫೀಸಿನಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ಅಂದು ಫೋನನ್ನು ಶೆಡ್ಡಿಗೆ ತೆಗೆದುಕೊಂಡು ಹೋದೆ, ಮೀನು ತೋರಿಸಲು. ಶೆಡ್ಡಿನಲ್ಲಿ ದೀಪ ಹಾಕಿದ್ದರು. ಅತ್ತೆ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು ಫೋನಿನೊಳಗೆ ಇಣುಕಿದರು. ಕೆರೆ ಮೇಡಂ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, ಕೈಯಲ್ಲಿ ಕಾಫಿ ಲೋಟ ಹಿಡಿದಿದ್ದರು. ಅವರ ಹಿಂದಿನ ಕಿಟಕಿಯಲ್ಲಿ ಎಳೆಬಿಸಿಲು.

"ಅಲ್ಲೀಗ ಬೆಳಗಾ?" ಅತ್ತೆ ಕೇಳಿದರು.

"ಹೌದು, ಬೆಳಗ್ಗೆ ಏಳೂವರೆ. ಅವರು ನಮಗಿಂತ ಹತ್ತೂವರೆ ಗಂಟೆ ಹಿಂದೆ, ಲೆಕ್ಕಕ್ಕೆ ಹನ್ನೊಂದು ಅನ್ನಿ" ಎಂದೆ, ದೊಡ್ಡದಾಗಿ ತಿಳಿದವನಂತೆ.

ಅತ್ತೆ ನನ್ನನ್ನು ನೋಡಿದರು. ಗೋಡೆಯ ಗಡಿಯಾರ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಹಾಗಾದ್ರೆ ವಿಮಾನ ನಾಲ್ಕಕ್ಕೆ ತಲುಪುತ್ತೆ ಅಂದ್ರಲ್ಲ, ಅದು ಯಾವ ಊರಿನ ನಾಲ್ಕು ಗಂಟೆ?"

ಅವರ ಊರಿನದು. ಅಲ್ಲಿಯ ನಾಲ್ಕು ಗಂಟೆಯಿಂದ ಇಲ್ಲಿಯ ಎಂಟು ಗಂಟೆಯನ್ನು ಕಳೆದಿದ್ದೆ. ಇಪ್ಪತ್ತಲ್ಲ, ಮೂವತ್ತೊಂದು. ಹನ್ನೊಂದು ಗಂಟೆಯನ್ನು ನುಂಗಿ ನೀರು ಕುಡಿದಿದ್ದೆ, ಇಲ್ಲದ ವಿಮಾನದ ಲೆಕ್ಕ ಬಂದು ನನ್ನ ತಪ್ಪಿಗೆ ಭೇಷ್ ಅಂದಿತ್ತು. ಹದಿನಾಲ್ಕು ವರ್ಷ ಬುಕಿಂಗ್ ಮಾಡಿದ ಗುಮಾಸ್ತ! ಅಷ್ಟು ವರ್ಷವೂ ಇದಕ್ಕಿಂತ ಹತ್ತಿರದ ಊರುಗಳ ಸರಕೇ ಕಳಿಸಿದ್ದು, ಮೂರು ನಾಲ್ಕು ಗಂಟೆ ವ್ಯತ್ಯಾಸವನ್ನು ಅತ್ತೆಯ ಚೀಲಗಳೇ ಸುಮ್ಮನೆ ತಡೆದುಕೊಂಡಿದ್ದವು. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆ ಎಂದು ಕೆರೆ ಮೇಡಂ ಅಂದು ವಿಡಿಯೋದಲ್ಲೇ ನೋಡಿದರು.

ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಸ್ಟೂಲು ಎಳೆದು ಕೂತು, "ಈಗ ಸರಿಯಾಗಿ ಎಣಿಸೋಣ" ಅಂದರು. "ಮೀನಿಗೆ ವಿಮಾನ ಗೊತ್ತಿಲ್ಲ. ಚೀಲದ ಬಾಯಿ ಕಟ್ಟಿದಾಗ ಪ್ರಯಾಣ ಶುರು, ಬಿಚ್ಚಿದಾಗ ಮುಗೀತು. ಮಧ್ಯಾಹ್ನ ಎರಡಕ್ಕೆ ಕಟ್ತೀವಿ. ಎಂಟರ ತನಕ ಆರು ಗಂಟೆ. ಆಮೇಲೆ ನಿಮ್ಮ ಮೂವತ್ತೊಂದು. ಅಲ್ಲಿ ಇಳಿದ ಮೇಲೆ?"

ಕೆರೆ ಮೇಡಂ ಹೇಳಿದರು. ತಪಾಸಣೆ, ಮುದ್ರೆ, ಮೂರು ಗಂಟೆ. ಕೆರೆಗೆ ರಸ್ತೆ ಎರಡು ಗಂಟೆ.

"ನಲವತ್ತೆರಡು. ಗ್ರಹಚಾರದ ಪಾಲು ಆರು ಇಟ್ಕೊಳ್ಳಿ. ನಲವತ್ತೆಂಟು. ಎರಡು ಚೀಲದ ದೂರ." ಅವರ ದನಿ ಸ್ವಲ್ಪ ತಗ್ಗಿತು. "ಎರಡು ಚೀಲ ನಾನು ಯಾವತ್ತೂ ಕಟ್ಟಿಲ್ಲ, ಅಳಿಯಂದ್ರೇ."

ಎರಡು ದಿನ ಗಾಳಿ ಸಾಲಬೇಕಾದರೆ ಚೀಲಕ್ಕೆ ಮೀನು ಕಡಿಮೆ ಆಗಬೇಕು, ಡಬ್ಬ ಹೆಚ್ಚಬೇಕು. ಮೂರು ಡಬ್ಬದ ಜಾಗವನ್ನು ಹತ್ತು ಡಬ್ಬಕ್ಕೆ ಏರಿಸಲು ನಾನು ಮರುದಿನ ಬೆಳಗ್ಗೆಯಿಂದ ಸಂಜೆಯವರೆಗೆ ವಿಮಾನ ಕಂಪನಿಯ ಆಫೀಸಿನ ಮೆಟ್ಟಿಲ ಮೇಲೆ ಕೂತೆ. ಜಾಗ ಇಲ್ಲ ಅಂದರು. ಎದ್ದು ಹೋಗಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಅಲ್ಲಿಯ ಮೇಲಧಿಕಾರಿ ಬಂದು, "ಏನ್ರೀ ನಿಮ್ಮ ಕಾಟ, ಅಷ್ಟಕ್ಕೂ ಅದು ಎಂಥಾ ಮೀನು?" ಎಂದು ಕೇಳಿದರು. ಹೇಳಿದೆ, ಹನ್ನೊಂದರಿಂದ ಶುರುಮಾಡಿ. ಪೂರ್ತಿ ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡು ಹತ್ತು ಡಬ್ಬಕ್ಕೆ ಸಹಿ ಹಾಕಿದರು. ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಬುಕಿಂಗ್ ಅದೊಂದೇ.

ಇತ್ತ ಅತ್ತೆ ಮೀನುಗಳನ್ನು ಎರಡು ದಿನ ಉಪವಾಸ ಕೆಡವಿದರು. ಹೊಟ್ಟೆ ಖಾಲಿಯಿದ್ದರೆ ಚೀಲದ ನೀರು ಹೊಲಸಾಗುವುದಿಲ್ಲ. ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ತಂಪು ಮಾಡಿದರು, ತಂಪಿನಲ್ಲಿ ಮೀನು ನಿಧಾನವಾಗಿ ಉಸಿರಾಡುತ್ತದೆ. ಮಂಗಳವಾರ ಮಧ್ಯಾಹ್ನ ಸಹಾಯಕ್ಕೆ ಬಂದ ಹುಡುಗಿಯರನ್ನೆಲ್ಲ ಬರೀ ಡಬ್ಬ ಹಿಡಿಯಲು ಹಚ್ಚಿ, ನಲವತ್ತು ಚೀಲವನ್ನೂ ತಾವೇ ಕಟ್ಟಿದರು. ಚೀಲಕ್ಕೆ ಆರೇ ಮೀನು. ಅಂದು ನಿಮಿಷಕ್ಕೆ ನಾಲ್ಕಿಲ್ಲ, ನಾಲ್ಕು ನಿಮಿಷಕ್ಕೆ ಒಂದು. ಪ್ರತಿ ಗಂಟನ್ನೂ ಕಿವಿಯ ಹತ್ತಿರ ಹಿಡಿದು ಗಾಳಿ ಸೋರುವ ಸದ್ದಿದೆಯೇ ಎಂದು ಕೇಳಿದರು. ಕೊನೆಗೆ ನಲವತ್ತೊಂದನೆಯ ಚೀಲ ಕಟ್ಟಿ ಕೊಕ್ಕೆಗೆ ಹಾಕಿದರು. ಅದರಲ್ಲೂ ಆರು.

ಬುಧವಾರ ಕಳೆಯಿತು. ಗುರುವಾರ ಬೆಳಗ್ಗೆ ಎಂಟಕ್ಕೆ ಫೋನ್ ಬರಬೇಕು. ಏಳಕ್ಕೇ ನಾನು ವಿಮಾನ ಕಂಪನಿಯ ಪುಟ ತೆಗೆದು ನೋಡಿದೆ. ಎರಡನೆಯ ಬದಲಾವಣೆಯ ಊರಿನಲ್ಲಿ ಮಂಜು ಕವಿದು ವಿಮಾನವನ್ನು ಬೇರೆಲ್ಲೋ ಇಳಿಸಿದ್ದರು. ಒಂಬತ್ತು ಗಂಟೆ ತಡ.

ಪ್ಯಾಕಿಂಗ್ ಕೋಣೆಗೆ ಹೋಗಿ ಹೇಳಿದೆ. ಅತ್ತೆ ಸಾಕ್ಷಿ ಚೀಲದ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. "ಐವತ್ತೊಂದು" ಅಂದರು. ಅಷ್ಟೇ. ಗ್ರಹಚಾರ ತನ್ನ ಪಾಲಿನ ಆರನ್ನು ತೆಗೆದುಕೊಂಡು ಮೇಲೆ ಮೂರು ಕಿತ್ತುಕೊಂಡಿತ್ತು.

ಹತ್ತಾಯಿತು, ಹನ್ನೆರಡಾಯಿತು. ನನ್ನ ಹೆಂಡತಿ ಊಟ ತಂದಿಟ್ಟಳು, ಇಬ್ಬರೂ ಮುಟ್ಟಲಿಲ್ಲ. ಅತ್ತೆ ಅರ್ಧ ಗಂಟೆಗೊಮ್ಮೆ ಗಡಿಯಾರ ನೋಡಿಕೊಂಡು ಒಂದು ಮೀನಿನ ಕಿವಿರು ಎಣಿಸುತ್ತಿದ್ದರು. ಎರಡು ಗಂಟೆಗೆ ನಲವತ್ತೆಂಟು ಮುಗಿಯಿತು. ಚೀಲದ ನೀರು ಕೊಂಚ ಮಬ್ಬಾಗಿತ್ತು. ಮೀನುಗಳು ಕೆಳಗಿನಿಂದ ನಡುವಿಗೆ ಏರಿದ್ದವು.

"ಅತ್ತೆ, ಬಿಚ್ಚಿಬಿಡೋಣ. ಅವು ಹೋದ್ರೂ ಇವು ಆರಾದ್ರೂ ಉಳೀಲಿ" ಎಂದೆ.

"ಕೈ ಹಚ್ಚಬೇಡಿ. ಇವನ್ನ ಬಿಚ್ಚಿದ್ರೆ ಅವು ಹೇಗಿವೆ ಅಂತ ಹೇಳೋರು ಯಾರು?"

ಸಿಟ್ಟು ಬಂತು ನನಗೆ. ಇಷ್ಟು ಕಲ್ಲು ಮನಸ್ಸೇ ಅನ್ನಿಸಿತು. ಆಮೇಲೆ ನೋಡಿದರೆ ಅವರ ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು.

ಮೂರು ಗಂಟೆಗೆ ಫೋನ್ ಹೊಡೆದುಕೊಂಡಿತು. ಕೆರೆ ಮೇಡಂ ಅಲ್ಲಿಯ ವಿಮಾನ ನಿಲ್ದಾಣದಲ್ಲಿದ್ದರು. ಅಳುವುದೊಂದು ಬಾಕಿ. ತಪಾಸಣೆ ಈಗ ಮುಗಿಯಿತು, ಡಬ್ಬಗಳು ನನ್ನ ಮುಂದಿವೆ, ಮುಚ್ಚಳ ತೆಗೆದಿಲ್ಲ, ಕೆರೆಗೆ ಇನ್ನೂ ಎರಡು ಗಂಟೆ ದಾರಿ. ಇಲ್ಲಿಯ ಅಧಿಕಾರಿ ಚೀಲ ಬಿಚ್ಚಿ ಹೊಸ ಗಾಳಿ ತುಂಬಿ ಅನ್ನುತ್ತಿದ್ದಾರೆ, ಬಿಚ್ಚಲೇ? ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ.

"ಅಲ್ಲಿ ಒಳ್ಳೇ ನೀರು ಇದೆಯಾ?"

ನಲ್ಲಿ ನೀರು ಮಾತ್ರ, ಔಷಧಿ ಹಾಕಿದ್ದು.

ಅತ್ತೆಗೆ ಗೊತ್ತಿತ್ತು, ಎರಡು ದಿನ ಕಟ್ಟಿಟ್ಟ ಚೀಲದ ಬಾಯಿ ಬಿಚ್ಚಿದ ಕ್ಷಣ ಹಳೆಯ ನೀರು ವಿಷವಾಗಲು ಶುರುವಾಗುತ್ತದೆ. ಬಿಚ್ಚಿದರೆ ಕೂಡಲೇ ಹೊಸ ನೀರಿಗೆ ಬಿಡಬೇಕು. ಬಿಚ್ಚದಿದ್ದರೆ ಗಾಳಿ ಸಾಲಬೇಕು. ಅವರು ಸಾಕ್ಷಿ ಚೀಲಕ್ಕೆ ಮೂಗು ತಾಗುವಷ್ಟು ಬಗ್ಗಿ ಎಣಿಸಿದರು. ಒಂದು ನಿಮಿಷ ಪೂರ್ತಿ. ಮತ್ತೊಂದು ಮೀನನ್ನು ಆರಿಸಿಕೊಂಡು ಇನ್ನೊಂದು ನಿಮಿಷ.

"ಬಾಯಿ ಮೇಲಕ್ಕೆ ತಂದಿಲ್ಲ ಇನ್ನೂ. ಮೂರು ಗಂಟೆ ತಡೀತವೆ" ಅಂದರು. "ಬಿಚ್ಚಬೇಡಿ ಅನ್ನಿ. ಮುಚ್ಚಳ ತೆಗೀಬೇಡಿ, ಬೆಳಕು ತೋರಿಸಬೇಡಿ, ಹೆದರಿದ್ರೆ ಜಾಸ್ತಿ ಉಸಿರಾಡ್ತವೆ. ಗಾಡಿ ಜೋರಾಗಿ ಓಡಿಸಬೇಡಿ ಅನ್ನಿ. ಹೊರಡಿ ಅನ್ನಿ."

"ಅತ್ತೆ, ಖಂಡಿತಾನಾ?"

"ನನ್ನನ್ನ ಯಾಕೆ ಕೇಳ್ತೀರಿ? ಎದುರಿಗೇ ನೇತಾಡ್ತಿದೆ, ಅದನ್ನ ಕೇಳಿ."

ಅವರು ಹೊರಟರು. ಆ ಎರಡು ಗಂಟೆಯನ್ನು ಹೇಗೆ ಕಳೆದೆವೆಂದು ನಾನು ಬರೆಯಲಾರೆ. ಯಜಮಾನರೂ ಬಂದು ಬಾಗಿಲಿಗೆ ಒರಗಿ ನಿಂತರು. ನಾಲ್ಕೂಮುಕ್ಕಾಲಿಗೆ ಸಾಕ್ಷಿ ಚೀಲದ ಒಂದು ಮೀನು ಮೆಲ್ಲಗೆ ಮೇಲೆ ಬಂದು ನೀರಿನ ಅಂಚಿಗೆ ಬಾಯಿ ಹಚ್ಚಿತು. ಅತ್ತೆ ಕಣ್ಣು ಮುಚ್ಚಿಕೊಂಡರು.

ಐದು ಗಂಟೆ ಎರಡು ನಿಮಿಷಕ್ಕೆ ಫೋನ್ ಬಂತು. ಪರದೆಯ ತುಂಬ ಬಿಳಿ ತೊಟ್ಟಿ, ಅದರಲ್ಲಿ ತೇಲುತ್ತಿರುವ ಚೀಲಗಳು, ಹಿಂದೆ ಆಗಷ್ಟೇ ಬೆಳಕು ಹರಿಯುತ್ತಿರುವ ಕೆರೆ. ಯಾರದೋ ಕೈ ಒಂದೊಂದೇ ಗಂಟು ಬಿಚ್ಚುತ್ತಿತ್ತು. ಬೂದು ಮೀನುಗಳು ಸರಕ್ಕನೆ ಹೊರಗೆ ನುಗ್ಗುತ್ತಿದ್ದವು, ಹಳದಿ ಬಾಲದ್ದೊಂದು, ಮತ್ತೊಂದು, ಮತ್ತೊಂದು. ಅತ್ತೆ ಎದ್ದು, ಕೊಕ್ಕೆಯಿಂದ ಚೀಲ ಇಳಿಸಿ, ಅಲ್ಲಿಯ ಕೈ ಬಿಚ್ಚುವ ಹೊತ್ತಿಗೇ ಇಲ್ಲಿ ಬಿಚ್ಚಿ ಹೊಸ ನೀರಿಗೆ ಬಿಟ್ಟರು. ಆರೂ ಈಜಿದವು.

ಎಣಿಕೆಗೆ ಮುಕ್ಕಾಲು ಗಂಟೆ ಹಿಡಿಯಿತು. ಕೆರೆ ಮೇಡಂ ಹೇಳಿದ ಸಂಖ್ಯೆ ನನಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿಸಿದೆ.

"ಎಷ್ಟಂತೆ?" ಅತ್ತೆ ಕೇಳಿದರು.

"ಇನ್ನೂರ ನಲವತ್ತೇಳು."

"ನಾವು ಕಳಿಸಿದ್ದೇ ಇನ್ನೂರ ನಲವತ್ತು!" ಯಜಮಾನರು ಬಾಗಿಲಿನಿಂದ ಕೂಗಿದರು.

"ಎರಡು ಹೋಗಿವೆ. ಒಂದು ತಾಯಿ ದಾರಿಯಲ್ಲೇ ಚೀಲದೊಳಗೆ ಮರಿ ಹಾಕಿದೆ. ಒಂಬತ್ತು. ಎಲ್ಲ ಚೆನ್ನಾಗಿವೆಯಂತೆ."

ಯಜಮಾನರು, "ನೋಡಕ್ಕಾ, ನಿನ್ನ ಬಾಡಿಗೆದಾರರು ಖಾಲಿ ಮಾಡ್ತಾ ಇಪ್ಪತ್ತೆರಡು ವರ್ಷದ ಬಾಡಿಗೆ ಕೊಟ್ಟು ಹೋದ್ರು!" ಅಂದರು. ಶೆಡ್ಡಿಗೆ ಶೆಡ್ಡೇ ನಗತೊಡಗಿತು. ಅಂದು ಡಬ್ಬ ಹಿಡಿದಿದ್ದ ಹುಡುಗಿಯರು ತಗಡು ಬಡಿದರು, ನನ್ನ ಹೆಂಡತಿ ಒದ್ದೆ ನೆಲದ ಮೇಲೇ ಕುಣಿದಳು. ಗೆದ್ದೆವು ಎಂದು ನಾನು ಕಿರುಚಿದ್ದು ನನಗೇ ಕೇಳಿಸಿತು. ಅತ್ತೆ ಮಾತ್ರ, "ಆ ಎರಡು ಯಾವ ಚೀಲದ್ದು ಅಂತ ಕೇಳಿ" ಅಂದರು. ಕೇಳಿದೆ. ಹದಿನೇಳನೆಯದು. "ಹೂಂ. ಅದರ ಗಂಟು ಕಟ್ಟುವಾಗ ಸೀನು ಬಂದಿತ್ತು" ಎಂದು ಹೇಳಿ, ಆಮೇಲೆ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ಮನಸಾರೆ ಅತ್ತರು.

ಮೀನು ಒಂದು ವರ್ಷ ದಡದ ತೊಟ್ಟಿಗಳಲ್ಲಿ ಬೆಳೆದವು, ಸಾವಿರ ದಾಟಿದವು. ಕೆರೆಗೆ ಬಿಡುವ ದಿನ ಗೊತ್ತಾದಾಗ ಆ ಊರವರು ಅತ್ತೆಗೆ ಟಿಕೆಟ್ ಕಳಿಸಿದರು. ಮೂವತ್ತೊಂದು ವರ್ಷ ಮೀನುಗಳನ್ನು ವಿಮಾನ ಹತ್ತಿಸಿದವರು ತಾವೊಮ್ಮೆಯೂ ಹತ್ತಿರಲಿಲ್ಲ. ಜಪ್ಪಯ್ಯ ಅಂದರೂ ಹೋಗುವುದಿಲ್ಲ ಎಂದು ಪಟ್ಟು ಹಿಡಿದರು. ಕೊನೆಗೆ ಮಗಳು, "ಎರಡು ಚೀಲದ ದೂರ ಮರಿ ಹಾಕಿಕೊಂಡು ಹೋಯ್ತಲ್ಲಮ್ಮ ಆ ಮೀನು, ನೀನು ಕೂತ್ಕೊಂಡು ಹೋಗೋಕೆ ಹೆದರ್ತೀಯಾ?" ಎಂದು ಕೆಣಕಿದ ಮೇಲೆ ಒಪ್ಪಿದರು. ಹೊರಡುವ ಎರಡು ದಿನ ಮೊದಲಿನಿಂದ ಊಟ ಕಡಿಮೆ ಮಾಡಿದರು. ಕಾರಣ ಕೇಳಿ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಮಂಗಳವಾರ ಮಧ್ಯಾಹ್ನ ಎರಡಕ್ಕೆ ಅವರು ಮನೆಯ ಹೊಸ್ತಿಲು ದಾಟಿದರು. ಮಗಳು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದಳು. ನಾನು ಕೆಲಸವಿದೆ ಎಂದು ಸುಳ್ಳು ಹೇಳಿ ಫಾರ್ಮಿಗೆ ಓಡಿದೆ. ಅಂದಿನ ಸಾಕ್ಷಿ ಚೀಲದ ಆರು ಮೀನು ಈಗ ದೊಡ್ಡ ಸಂಸಾರವಾಗಿದ್ದವು. ಅವಕ್ಕೆ ನಾನು ಎರಡು ದಿನದಿಂದ ಮೇವು ನಿಲ್ಲಿಸಿದ್ದೆ, ಯಾರಿಗೂ ಹೇಳದೆ. ಆರನ್ನು ಹಿಡಿದು, ನೀರು ಹಾಕಿ, ಗಾಳಿ ತುಂಬಿ, ನನ್ನ ಕೈಯಾರೆ ಗಂಟು ಕಟ್ಟಿದೆ. ತಲೆಕೆಳಗು ಮಾಡಿ ನೋಡಿದೆ. ಒಂದು ಹನಿಯೂ ಬೀಳಲಿಲ್ಲ. ಕೊಕ್ಕೆಗೆ ಹಾಕಿದೆ.

ಗುರುವಾರ ಬೆಳಗ್ಗೆ ಎಂಟಕ್ಕೆ ಫೋನ್ ಬರಬೇಕಿತ್ತು. ವಿಮಾನ ಹೊತ್ತಿಗೆ ಸರಿಯಾಗಿ ಇಳಿದಿದೆ, ಅಮ್ಮ ಊರು ಸೇರಿದ್ದಾರೆ ಎಂದು ಕೆರೆ ಮೇಡಂ ಮೆಸೇಜು ಹಾಕಿದ್ದರು. ಅತ್ತೆಯ ಫೋನು ಮಾತ್ರ ಇಲ್ಲ. ಹೆಂಡತಿ, "ಸೇರಿದಾರಲ್ಲ, ಬಿಚ್ಚಿ ಆ ಚೀಲಾನ" ಅಂದಳು. ಬಿಚ್ಚಲಿಲ್ಲ. ಅತ್ತೆಯ ಸ್ಟೂಲಿನ ಮೇಲೆ ಕೂತೆ. ಹತ್ತಾಯಿತು, ಎರಡಾಯಿತು. ಕಿವಿರು ಎಣಿಸಿದೆ. ಗಂಟೆ ನಾಲ್ಕಾದಾಗ ಈ ಹೆಂಗಸಿಗೆ ಒಂದು ಫೋನ್ ಮಾಡಲು ಏನು ದಾಡಿ ಎಂದು ಬಾಯಿಬಿಟ್ಟೇ ಬಯ್ದೆ.

ಸರಿಯಾಗಿ ಐದಕ್ಕೆ ಬಂತು. ಪರದೆಯಲ್ಲಿ ಬೆಳಗಿನ ಕೆರೆ, ದಡದ ತುಂಬ ಜನ. ನನ್ನ ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಅವರ ಕಾಲ ಸುತ್ತ ಬೂದು ಮೀನುಗಳು ಗುಂಪು ಗುಂಪಾಗಿ ಆಳಕ್ಕೆ ಹೋಗುತ್ತಿದ್ದವು.

"ಅಳಿಯಂದ್ರೇ, ಬಂದು ತಲುಪಿದೆ. ಚೀಲ ಬಿಚ್ಚಿ" ಅಂದರು.

ಚೀಲದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆದರೂ ಬಿಡದೆ ಕೇಳಿದೆ, "ಬೆಳಗ್ಗೆ ಎಂಟಕ್ಕೇ ತಲುಪಿದ್ರಲ್ಲ ಅತ್ತೆ! ಒಂಬತ್ತು ಗಂಟೆಯಿಂದ ಏನು ಮಾಡ್ತಿದ್ರಿ?"

"ಆಗ ಇಲ್ಲಿ ಕತ್ತಲಿತ್ತು, ಊರು ಮಾತ್ರ ಬಂದಿತ್ತು" ಅಂದರು ಅತ್ತೆ. "ನೀರಿಗೆ ಬಿಟ್ಟ ಮೇಲೆ ತಾನೇ ತಲುಪೋದು?"

ನಾನು ಕಟ್ಟಿದ ಗಂಟು ಬಿಗಿಯಾಗಿತ್ತು, ಬಿಚ್ಚಲು ಹಲ್ಲು ಹಚ್ಚಬೇಕಾಯಿತು. ಐವತ್ತೊಂದು ಗಂಟೆ. ಆರೂ ಈಜಿದವು.